ಪೊರಕೆ ಅಣ್ಣ ಅಳಿಸಿದ ಕಿಟ್

ಆಫೀಸಿನಲ್ಲಿ ಅವನನ್ನು ನಾವೆಲ್ಲ ಪೊರಕೆ ಅಣ್ಣ ಎನ್ನುತ್ತಿದ್ದೆವು. ನಮ್ಮದು ಮಾತು ಹೋದವರಿಗಾಗಿ ಮಾತಿನ ಪೆಟ್ಟಿಗೆ ತಯಾರಿಸುವ ಸಣ್ಣ ಕಂಪನಿ. ಗುಂಡಿ ಒತ್ತಿದರೆ ಪೆಟ್ಟಿಗೆ ಒಂದು ವಾಕ್ಯ ಆಡುತ್ತದೆ. ಅದನ್ನು ನಡೆಸುವ ಪುಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಪ್ರೋಗ್ರಾಂ ಕಟ್ಟಲು ಆಯಾ ಮಾದರಿಗೆ ಹೊಂದುವ ಕಿಟ್ ಬೇಕು. ಕಂಪೈಲರು, ಲೈಬ್ರರಿ ಎಲ್ಲ ಸೇರಿದ ಒಂದು ಗಂಟು ಅದು. ಅದನ್ನು ನಮ್ಮ ಕಂಪ್ಯೂಟರುಗಳಿಗೆ ಹಾಕುವುದೂ ತೆಗೆಯುವುದೂ ಅವನ ಕೆಲಸ.

ಹಾಕುವುದು ಸುಲಭ. ತೆಗೆಯುವುದಕ್ಕೆ ಮಾತ್ರ ಕಿಟ್ಟಿನಲ್ಲಿ ಯಾವ ಏರ್ಪಾಡೂ ಇರುವುದಿಲ್ಲ. ಫೋಲ್ಡರ್ ಅಳಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಕಂಪ್ಯೂಟರಿಗೆ ಆಜ್ಞೆ ಟೈಪಿಸುವ ಟರ್ಮಿನಲ್ ತೆರೆದಾಗಲೆಲ್ಲ ತಾನಾಗಿ ಓಡುವ ಫೈಲಿನಲ್ಲಿ ಯಾರೋ ಸೋಮಾರಿ ಆ ಕಿಟ್ಟಿನ ಸಾಲೊಂದನ್ನು ಸೇರಿಸಿರುತ್ತಾನೆ. ಕಿಟ್ ಹೋದರೂ ಸಾಲು ಉಳಿದು ಮುಂದಿನ ಕಿಟ್ಟಿನ ಕೆಲಸ ಕೆಡಿಸುತ್ತದೆ. ಒಮ್ಮೆ ಹಾಗಾಗಿ ಮೂರು ದಿನ ಎಲ್ಲರೂ ತಲೆ ಕೆರೆದುಕೊಂಡೆವು. ಅಂದಿನಿಂದ ಅವನು ಹಟ ಹಿಡಿದ. ಫೋಲ್ಡರ್, ಆ ಸಾಲು, ಇನ್‌ಸ್ಟಾಲರ್, ಸರ್ವರಿನಲ್ಲಿದ್ದ ಪ್ರತಿ, ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಅಳಿಸುತ್ತಿದ್ದ.

ಮೊದಲ ಮಾದರಿಯ ಕಿಟ್ ತೆಗೆಯುವ ದಿನ ನಾನೇ ಹೇಳಿದ್ದೆ. “ಇನ್‌ಸ್ಟಾಲರ್ ಒಂದಾದ್ರೂ ಇರಲಿ ಬಿಡಣ್ಣ. ಅದೇನು ನಿನ್ನ ಹತ್ರ ಅನ್ನ ಕೇಳುತ್ತಾ?”

“ಇಟ್ಟರೆ ಯಾರಾದ್ರೂ ತಿಳೀದೆ ಹಾಕ್ಕೋತಾರೆ. ಆ ಪೆಟ್ಟಿಗೆ ಮಾಡೋದು ನಿಲ್ಲಿಸಿ ಆರು ವರ್ಷ ಆಯ್ತು.”

ಮಾಡುವುದು ನಿಂತಿತ್ತು, ಬಳಸುವುದು ನಿಂತಿರಲಿಲ್ಲ. ಅಂಥದೊಂದು ಪೆಟ್ಟಿಗೆ ಅವನ ಅಕ್ಕನ ಮನೆಯಲ್ಲೇ ಇತ್ತು. ಒಮ್ಮೆಯೂ ಕೆಡದ ಅದು ಅವನಿಗೆ ಕಂಪನಿಯ ಮಾಲು ಎಂದೇ ಅನಿಸುತ್ತಿರಲಿಲ್ಲ; ಅಕ್ಕನ ದನಿಯಾಗಿಬಿಟ್ಟಿತ್ತು. ಕಿಟ್ ಅಳಿಸುವಾಗ ಅದು ನೆನಪಿಗೇ ಬರಲಿಲ್ಲ. ಗಂಟಲಿನ ಆಪರೇಷನ್ನಿಗೆ ಮೊದಲು ಅಕ್ಕ ಅದರಲ್ಲಿ ತನ್ನದೇ ದನಿಯಲ್ಲಿ ಇನ್ನೂರು ವಾಕ್ಯ ಹೇಳಿ ಇಟ್ಟಿದ್ದಳು. ಭಾವನಿಗೆ ಕಣ್ಣು ಕಾಣದು, ಬರೆದು ತೋರಿಸುವಂತಿರಲಿಲ್ಲ. ಗಂಡ ಹೆಂಡತಿಯ ಮಾತುಕತೆಯೆಲ್ಲ ಆ ಇನ್ನೂರರಲ್ಲೇ.

ಮರುತಿಂಗಳೇ ಆ ಪೆಟ್ಟಿಗೆಯ ಶಬ್ದದ ಚಿಪ್ ಸುಟ್ಟಿತು. ಬದಲಿಗೆ ಸಿಕ್ಕಿದ್ದು ಬೇರೆ ನಮೂನೆಯದು. ಪ್ರೋಗ್ರಾಂನಲ್ಲಿ ನಾಲ್ಕು ಸಾಲು ಬದಲಿಸಿ ಮತ್ತೆ ಕಟ್ಟಿದರೆ ಸಾಕಿತ್ತು, ಕಟ್ಟಲು ಕಿಟ್ ಇರಲಿಲ್ಲ. ಹೊಸ ಕಿಟ್ಟಿನಲ್ಲಿ ಕಟ್ಟಿದ್ದನ್ನು ಹಾಕಿದರೆ, ಪೆಟ್ಟಿಗೆಯ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ತೀರಾ ಹಳೆಯದು ಎಂದು ಹೇಳಿ ನಿಂತುಬಿಡುತ್ತಿತ್ತು. ಹಳೆಯ ಕಿಟ್ ಒದಗಿಸಿದ್ದ ಕಂಪನಿ ಮುಚ್ಚಿಹೋಗಿತ್ತು. ವಾಕ್ಯಗಳನ್ನು ಹೊರಗೆ ತೆಗೆಯೋಣವೆಂದರೆ, ಅವು ಹಳೆಯ ಪ್ರೋಗ್ರಾಂಗೆ ಮಾತ್ರ ತಿಳಿಯುವ ರೂಪದಲ್ಲಿದ್ದವು.

ಸದ್ಯಕ್ಕಿರಲಿ ಎಂದು ಅಕ್ಕನಿಗೆ ಹೊಸ ಪೆಟ್ಟಿಗೆ ಕೊಟ್ಟ. ಅದರ ಯಂತ್ರದ ದನಿ ಕೇಳಿ ಭಾವ, “ಯಾರೇ ಇವಳು, ಬಸ್ ಬಂತು ಅಂತ ಕೂಗೋಳ ಹಾಗೆ?” ಎಂದು ಮುಖ ತಿರುಗಿಸಿದರು. ಅಕ್ಕ ತಮ್ಮನನ್ನು ನೋಡಿದಳು.

“ನಾಳೆಯೊಳಗೆ ನಿಂದೇ ಸರಿ ಮಾಡ್ತೀನಕ್ಕ,” ಎಂದ. ಅಕ್ಕ ಹೊಸದನ್ನು ಕಪಾಟಿನಲ್ಲಿಟ್ಟಳು.

ನೋಟ್‌ಬುಕ್ಕಿನಲ್ಲಿದ್ದ ಆವೃತ್ತಿ ಸಂಖ್ಯೆಗಳನ್ನು ಹಿಡಿದು ಕಿಟ್ಟಿನ ಒಂದೊಂದೇ ಭಾಗವನ್ನು ಮೂಲ ಕೋಡಿನಿಂದ ಕಟ್ಟತೊಡಗಿದ. ಒಂದು ಕೂಡಿದರೆ ಇನ್ನೊಂದು ಮುರಿಯುತ್ತಿತ್ತು. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಮೊದಲ ವಾರವೇ ಅವನಿಗೆ ಗೊತ್ತಾಗಿತ್ತು. ನನಗೆ ಹೇಳಿಯೂ ಇದ್ದ. ಅಕ್ಕನಿಗೆ ಹೇಳಬೇಕಾದರೆ ತಾನೇ ಅಳಿಸಿದ್ದನ್ನೂ ಹೇಳಬೇಕಾಗಿತ್ತು. ಅವಳಿಗೆ ನಾಳೆ ಎನ್ನುತ್ತಲೇ ಇದ್ದ.

ಏಳನೆಯ ವಾರ ಭಾವ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಅಕ್ಕ ಅವರ ಕೈ ಹಿಡಿದು ಕೂತಿರುತ್ತಿದ್ದಳು.

“ಏನೋ, ನಿಮ್ಮಕ್ಕ ಮಾತು ಬಿಟ್ಟಳಾ ನನ್ನ ಜೊತೆ?”

“ನಾಳೆ ಸರಿಹೋಗುತ್ತೆ ಭಾವ.”

“ನಿನ್ನ ನಾಳೆಗೆ ತುದಿ ಮೊದಲಿಲ್ಲ ಕಣೋ,” ಎಂದು ನಕ್ಕು ಕೆಮ್ಮಿದರು. ನಾಲ್ಕು ದಿನಕ್ಕೆ ತೀರಿಕೊಂಡರು.

ಕಿಟ್ ಸಿದ್ಧವಾದದ್ದು ಹನ್ನೊಂದನೆಯ ವಾರ. ಸರಿಹೋದ ಹಳೆಯ ಪೆಟ್ಟಿಗೆಯನ್ನು ಅಕ್ಕನ ಮುಂದಿಟ್ಟು, ಹಳೆಯ ಕಿಟ್ಟನ್ನು ತಾನೇ ಅಳಿಸಿದ್ದು ಎಂದು ಹೇಳಿಬಿಟ್ಟ. ಅಕ್ಕ ಗುಂಡಿಗಳ ಮೇಲೆ ಬೆರಳಾಡಿಸಿದಳು, ಯಾವುದನ್ನೂ ಒತ್ತಲಿಲ್ಲ. ಔಷಧಿ ಚೀಟಿಯ ಹಿಂದೆ ಬರೆದು ಅವನತ್ತ ತಳ್ಳಿದಳು.

“ಅಳಿಸಿದ್ದಕ್ಕೆ ಏನೂ ಅನ್ನಲ್ಲ. ಇಷ್ಟು ದಿನ ಆಗುತ್ತೆ ಅಂತ ಅವತ್ತೇ ಹೇಳಿದ್ದರೆ, ಆ ಬಸ್ಸಿನವಳ ದನಿಯನ್ನೇ ಅವರಿಗೆ ರೂಢಿ ಮಾಡಿಸ್ತಿದ್ದೆ.”