ಅಣ್ಣನ ಪಾಳಿ ಬಿಡಿಸಿದವರು

ಮೇಡಂ ಉಡುತ್ತಿದ್ದ ಯಾವ ಸೀರೆ ನೋಡಿದರೂ ನೆರಿಗೆಯ ಮೇಲೊಂದು ಕಾಫಿ ಕಲೆ ಇರುತ್ತಿತ್ತು. ತಿಳಿ ನೀಲಿಯ ಹತ್ತಿ ಸೀರೆಯ ಮೇಲಂತೂ ಅದು ಎದ್ದು ಕಾಣುತ್ತಿತ್ತು. ಅಚ್ಚುಕಟ್ಟಿಲ್ಲದ ಹೆಂಗಸು ಎಂದು ಮೊದಲ ದಿನ ಮನಸ್ಸಿನಲ್ಲೇ ಮೂಗು ಮುರಿದೆ. ಕಾರಣ ಅವತ್ತೇ ಗೊತ್ತಾಯಿತು.

ಬುದ್ಧಿಯ ಬೆಳವಣಿಗೆ ನಿಧಾನವಾದ ದೊಡ್ಡವರಿಗಾಗಿ ನಾವಿರುವ ಗೋಪಾಳ ಬಡಾವಣೆಯಲ್ಲಿ ಒಂದು ಹಗಲು ಕೇಂದ್ರವಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರು. ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಕೊನೆಯವರೆಗೂ ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬಂದು ಹೋದರು. ಸಿಟ್ಟು ಬಂದರೆ ಕನ್ನಡದ ನಡುವೆ ತಮಿಳು ನುಗ್ಗುತ್ತಿತ್ತು. ಯಾರ ಮನೆಗೆ ಹೋದರೂ, ತಾವು ಯಾರನ್ನು ನೋಡಲು ಬಂದಿದ್ದಾರೋ ಅವರೇ ತಂದುಕೊಟ್ಟರೆ ಮಾತ್ರ ಕಾಫಿ ಕುಡಿಯುವುದು ಅವರ ಪದ್ಧತಿ. ನಮ್ಮ ಮನೆಯಲ್ಲಿ ಅವರು ನೋಡಲು ಬಂದದ್ದು ನನ್ನ ದೊಡ್ಡಣ್ಣನನ್ನು.

"ಅವನ ಕೈ ನಡುಗುತ್ತೆ ಮೇಡಂ, ಚೆಲ್ಲಿಬಿಡ್ತಾನೆ," ಎಂದೆ.

"ಚೆಲ್ಲಲಿ ಬಿಡಮ್ಮ, ಸೀರೆ ಒಗೀಬಹುದು," ಎಂದು ಅಣ್ಣನ ಕಡೆ ತಿರುಗಿದರು. "ಸರ್, ನನಗೊಂದು ಕಾಫಿ ತಂದ್ಕೊಡ್ತೀರಾ?"

ಐವತ್ತು ದಾಟಿದ ನಮ್ಮಣ್ಣನನ್ನು ಅದುವರೆಗೆ ಯಾರೂ ಸರ್ ಎಂದಿರಲಿಲ್ಲ. ಯಾರಿಗೆ ಹೇಳಿದರೋ ಎಂದು ಹಿಂದೆ ತಿರುಗಿ ನೋಡಿದ. ಆಮೇಲೆ ತಂದ. ಅರ್ಧ ಸೀರೆಯ ಮೇಲೆ ಬಿತ್ತು. ಉಳಿದರ್ಧ ಕುಡಿದು ಮೇಡಂ, "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು ಸರ್," ಎಂದು ದೂರು ಹೇಳಿದರು. ಅಣ್ಣ ನಕ್ಕ. ಅಮ್ಮ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅಮ್ಮನ ನಂತರ ಅವನಿಗೆ ಇದ್ದವರು ಇಬ್ಬರೇ, ಭದ್ರಾವತಿಯಲ್ಲಿ ಚಿಕ್ಕಣ್ಣ, ಗೋಪಾಳದಲ್ಲಿ ನಾನು. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಎಂದು ಪಾಳಿ ಹಾಕಿಕೊಂಡೆವು. ಒಬ್ಬರಿಗೇ ಹೊರೆಯಾಗಬಾರದು, ನಾಳೆ ಬಂಧುಗಳ ಬಾಯಿಗೂ ಸಿಗಬಾರದು. ನಮ್ಮಿಬ್ಬರ ಮಟ್ಟಿಗೆ ಅದು ನ್ಯಾಯವಾಗಿಯೇ ಇತ್ತು. ಆದರೆ ಅಣ್ಣ ಇಳಿದುಹೋದ. ತಿಂಗಳ ಕೊನೆ ಹತ್ತಿರ ಬಂದರೆ ಊಟ ಬಿಡುತ್ತಿದ್ದ. ಬಚ್ಚಲು ಯಾವ ಕಡೆ ಎಂದು ತಿಳಿಯದೆ ನಡುಮನೆಯಲ್ಲೇ ನಿಂತುಬಿಡುತ್ತಿದ್ದ. ಕ್ರಮೇಣ ಮಾತೂ ನಿಂತಿತು. ಹೀಗೇ ಆದರೆ ದೂರದ ಯಾವುದಾದರೂ ಆಶ್ರಮಕ್ಕೆ ಸೇರಿಸಬೇಕಾದೀತು ಎಂಬ ಹೆದರಿಕೆ ಇಬ್ಬರಿಗೂ ಇತ್ತು. ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೆ.

ಪಾಳಿ ಬದಲಾಗುವ ಒಂದು ಭಾನುವಾರ ಮೇಡಂ ಮತ್ತೆ ಬಂದರು. ಅಣ್ಣನ ಬ್ಯಾಗು ಬಾಗಿಲ ಬಳಿ ಸಿದ್ಧವಾಗಿತ್ತು. ಕರೆದೊಯ್ಯಲು ಬಂದ ಚಿಕ್ಕಣ್ಣನನ್ನೂ ಕೂರಿಸಿ, ದೊಡ್ಡಣ್ಣನನ್ನು ಕೇಳಿದರು, "ಸರ್, ನಿಮಗೆ ಎಲ್ಲಿರೋಕೆ ಇಷ್ಟ?"

"ಅವನಿಗೇನು ಗೊತ್ತಾಗುತ್ತೆ ಮೇಡಂ, ಎರಡೂ ಕಡೆ ಇರ್ತಾನೆ," ಎಂದ ಚಿಕ್ಕಣ್ಣ.

"ನಿಮ್ಮನ್ನ ಕೇಳಲಿಲ್ಲ ಸ್ವಾಮಿ. ಸುಮ್ಮನಿರಿ."

ಕಾದರು. ನನಗಂತೂ ಕೂತಲ್ಲಿ ಕೂರಲಾಗಲಿಲ್ಲ. ಅಣ್ಣನ ಪರವಾಗಿ ಏನಾದರೂ ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಅಣ್ಣ ಎದ್ದ. ಬ್ಯಾಗು ಎತ್ತಿಕೊಂಡು ಒಳಗೆ ಹೋಗಿ, ಅಂಗಿಗಳನ್ನು ಒಂದೊಂದಾಗಿ ನಮ್ಮ ಬೀರುವಿನಲ್ಲಿ ಇಡತೊಡಗಿದ. ನನ್ನ ಗಂಡ ಹೋಗಿ, ತಮ್ಮ ಬಟ್ಟೆ ತೆಗೆದು ಒಂದು ಖಾನೆ ಖಾಲಿ ಮಾಡಿಕೊಟ್ಟರು.

ಚಿಕ್ಕಣ್ಣನ ಮುಖ ಸಣ್ಣದಾಯಿತು. "ಮದುವೆಯಾದ ತಂಗಿ ತಲೆಗೆ ಕಟ್ಟಿ ಕೈ ತೊಳ್ಕೊಂಡ ಅಂತಾರೆ ಜನ," ಎಂದ. ಅವನ ಕಣ್ಣಲ್ಲಿ ನೀರಿತ್ತು.

"ಅವರೇ ಇಲ್ಲಿರ್ತೀನಿ ಅಂದ್ರು ಅಂತ ಹೇಳಿ ಮಾರಾಯ್ರೆ," ಎಂದರು ಮೇಡಂ. "ಇಷ್ಟು ವಯಸ್ಸಾದ ಮನುಷ್ಯ ತಾನೆಲ್ಲಿರ್ಬೇಕು ಅಂತ ಹೇಳಬಾರ್ದಾ? ನಿಮ್ಮ ಪಾಳಿ ಮುಗೀತು. ಇನ್ಮೇಲೆ ತಮ್ಮನಾಗಿ ಬನ್ನಿ."

ಆಮೇಲೆ ಎಲ್ಲ ಸಲೀಸಾಯಿತು ಎಂದಲ್ಲ. ನಾನು ಆಫೀಸಿನಿಂದ ಬರುವವರೆಗೆ ಅಣ್ಣ ಕೇಂದ್ರದಲ್ಲಿರಬೇಕಿತ್ತು. ಮೊದಮೊದಲು ಗೇಟು ಹಿಡಿದು ಹಠ ಮಾಡಿದ. ಮೇಡಂ ಹತ್ತಿರ ಬೈಸಿಕೊಂಡವಳು ಮಾತ್ರ ನಾನು: "ಹೊರಡಮ್ಮ ನೀನು. ನೀನು ನಿಂತಿದ್ರೆ ಅವರೂ ನಿಲ್ತಾರೆ." ಪಾಳಿಯ ಕಾಲದಲ್ಲಿ ಮುಖ ಗಂಟು ಹಾಕಿಕೊಂಡು ಬರುತ್ತಿದ್ದ ಚಿಕ್ಕಣ್ಣ ಈಗ ಭಾನುವಾರಗಳಂದು ಮಂಡಕ್ಕಿ ಪೊಟ್ಟಣ ಹಿಡಿದು ಬಂದು, ಅವನನ್ನು ಗಾಜನೂರಿನ ಅಣೆಕಟ್ಟಿಗೋ ತ್ಯಾವರೆಕೊಪ್ಪದ ಹುಲಿ ನೋಡಲಿಕ್ಕೋ ಕರೆದೊಯ್ಯುತ್ತಿದ್ದ. ಅಣ್ಣನಿಗೆ ಊಟ ಸೇರಿತು, ಮಾತು ಮರಳಿತು. ನನಗೂ ನಿದ್ದೆ ಬರತೊಡಗಿತು.

ಕಳೆದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಬಂದಾಗ ಅಣ್ಣನನ್ನು ಬರ್ತೀಯಾ ಎಂದು ಕೇಳಿದೆ. ಬರ್ತೀನಿ ಎಂದ. ಭದ್ರಾವತಿಯಲ್ಲಿ ಅವರ ಕಾಲ ಬಳಿ ನಿಂತು ಕೈಮುಗಿದ. ಅಲ್ಲಿಂದ ಸ್ನಾನಕ್ಕೆಂದು ಚಿಕ್ಕಣ್ಣನ ಮನೆಗೆ ಹೋದೆವು. ಮೆಟ್ಟಿಲು ಹತ್ತುವಾಗ ನನಗೆ ಒಂದೇ ಹೆದರಿಕೆ, ಬಿಟ್ಟುಹೋಗಲು ಕರೆತಂದೆನೆಂದು ಇವನು ತಿಳಿದರೇನು ಗತಿ ಎಂದು.

ಅಣ್ಣ ನಿಧಾನವಾಗಿ ಸ್ನಾನ ಮಾಡಿದ, ಎರಡು ಸಲ ಸಾರು ಹಾಕಿಸಿಕೊಂಡು ಉಂಡ. ಆಮೇಲೆ ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು ತಮ್ಮನಿಗೆ ಹೇಳಿದ:

"ಹೊತ್ತಾಯ್ತು, ಮನೆಗೆ ಹೋಗ್ತೀವಿ. ಭಾನುವಾರ ನಮ್ಮನೆಗೆ ಊಟಕ್ಕೆ ಬಾ."

ಇದನ್ನು ಕೇಳಬೇಕಾಗಿದ್ದವರನ್ನು ಆಗಷ್ಟೇ ಕಳಿಸಿಕೊಟ್ಟು ಬಂದಿದ್ದೆವು. ಚಿಕ್ಕಣ್ಣ ಕಣ್ಣೊರೆಸಿಕೊಂಡು, "ಬರ್ತೀನಣ್ಣ," ಎಂದ.