ಮಾತಿನಮಲ್ಲನ ಬೇಸಿಗೆ

ಆ ಬೀದಿಯ ಕಟಿಂಗ್ ಶಾಪಿನವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಬೀದಿಗೆಲ್ಲ ಅವನು ಮಾತಿನಮಲ್ಲ. ಗಿರಾಕಿ ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಸುತ್ತಿಸಿಕೊಂಡನೆಂದರೆ ಮುಗಿಯಿತು. ಎದ್ದು ಓಡುವ ಹಾಗಿಲ್ಲ, ಕಿವಿ ಮುಚ್ಚಿಕೊಳ್ಳೋಣವೆಂದರೆ ಕೈಗಳು ಬಟ್ಟೆಯೊಳಗೆ. ಮಲ್ಲ ಯಾರದೋ ಮನೆಯ ನಾಯಿ ಮರಿ ಹಾಕಿದ ಸುದ್ದಿಯಿಂದ ಶುರು ಮಾಡಿ ದೇಶದ ಆಡಳಿತದವರೆಗೆ ಎಲ್ಲವನ್ನೂ ಜಾಲಾಡುತ್ತಿದ್ದ. ನಡುನಡುವೆ ಕತ್ತರಿಯನ್ನು ಸುಮ್ಮನೆ ಕಚಕಚ ಅನ್ನಿಸುತ್ತಿದ್ದ. ಕೂದಲಿಗಿಂತ ಗಾಳಿಯನ್ನೇ ಹೆಚ್ಚು ಕತ್ತರಿಸುತ್ತಾನೆ ಎಂದು ಗೆಳೆಯರು ರೇಗಿಸುತ್ತಿದ್ದರು. ಆದರೆ ಕೆಲಸದಲ್ಲಿ ಎತ್ತಿದ ಕೈ. ಯಾರ ತಲೆಯಲ್ಲಿ ಎಲ್ಲಿ ಸುಳಿ, ಯಾರ ಬೋಳನ್ನು ಯಾವ ಕಡೆಯ ಕೂದಲಿನಿಂದ ಮುಚ್ಚಬೇಕು, ಎಲ್ಲ ಅವನಿಗೆ ಬಾಯಿಪಾಠ. ಮಿಷಿನ್ ಕಂಡರೆ ಮಾತ್ರ ಆಗುತ್ತಿರಲಿಲ್ಲ. "ಅದು ಹುಲ್ಲು ಹೆರೆಯೋಕೆ ಸರಿ, ತಲೆಗಲ್ಲ" ಅನ್ನುತ್ತಿದ್ದ.

ಇಂಥ ಮಲ್ಲ ಬೇಸಿಗೆ ಬಲಿಯುತ್ತಿದ್ದಂತೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಆ ವರ್ಷವೂ ಹಾಗೇ ಆಯಿತು. ರಾತ್ರಿಯೆಲ್ಲ ಹೊರಳಾಟ, ಬೆಳಗಾದರೆ ಕಣ್ಣು ಕೆಂಪು. ತಟ್ಟೆ ಮುಂದಿಟ್ಟರೆ ಎರಡು ತುತ್ತಿಗೆ ಸಾಕು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ಫ್ಯಾನು ಕಿರುಗುಟ್ಟಿದರೂ ಮೈಯೆಲ್ಲ ಉರಿ. ಹೊರಗೆ ಬಿಸಿಲು ಫಳಫಳ ಹೊಳೆಯುತ್ತಿದ್ದರೆ ಅವನಿಗೆ ಎಲ್ಲಾದರೂ ಮೂಲೆಯಲ್ಲಿ ಮುದುಡಿ ಕೂರೋಣ ಅನ್ನಿಸುತ್ತಿತ್ತು. ಕತ್ತರಿ ಹಿಡಿದರೆ ಪ್ರತಿ ತಲೆಗೂ ಬೇರೆ ಯೋಚನೆ ಮಾಡಬೇಕು. ಅದು ಕೈಲಾಗುತ್ತಿರಲಿಲ್ಲ. ಹಾಗಾಗಿ ಕತ್ತರಿ ಡ್ರಾಯರಿಗೆ ಹೋಯಿತು, ಮಿಷಿನ್ ಹೊರಗೆ ಬಂತು. ಯಾರೇ ಬರಲಿ, ಏನೇ ಕೇಳಲಿ, ಹಿಂದಿನಿಂದ ಮುಂದಕ್ಕೆ ಒಂದೇ ಸಮನೆ ಓಡಿಸಿ ಕಳಿಸುತ್ತಿದ್ದ.

ತಮಾಷೆ ಏನೆಂದರೆ ಜನಕ್ಕೆ ಅದು ಬಲು ಇಷ್ಟವಾಗಿಬಿಟ್ಟಿತು. ಬಿಸಿಲಿಗೆ ತಲೆ ತಣ್ಣಗಿರಲಿ ಎಂದು ಮಲ್ಲ ಬೇಸಿಗೆ ಕಟಿಂಗ್ ಅಂತಲೇ ಬೇರೆ ಮಾಡುತ್ತಾನೆ ಎಂದು ಸುದ್ದಿ ಹಬ್ಬಿತು. ಜೊತೆಗೆ ಮಾತೂ ಇಲ್ಲ! ಅವನ ಬಾಯಿಗೆ ಹೆದರಿ ಎರಡು ಬೀದಿ ಆಚೆ ಹೋಗುತ್ತಿದ್ದವರು ಕೂಡ ಬಂದು ಬೆಂಚಿನ ಮೇಲೆ ಕೂತರು. ಇಲ್ಲೊಬ್ಬ ಮನುಷ್ಯ ಒಳಗೊಳಗೇ ಕುಸಿಯುತ್ತಿದ್ದರೆ ಬೀದಿಗೆ ಬೀದಿಯೇ ಅವನ ಬೆನ್ನು ತಟ್ಟುತ್ತಿತ್ತು.

ಪಕ್ಕದ ಜ್ಯೂಸ್ ಅಂಗಡಿಯವನದು ತದ್ವಿರುದ್ಧ. ಬೇಸಿಗೆ ಬಂದರೆ ಅವನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಡುವಿನ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಬೇಕೆಂಬ ಆಸೆ ಅವನಿಗೆ ಮೊದಲಿನಿಂದಲೂ ಇತ್ತು. ಒಂದು ದಿನ ಹಲ್ಲು ಕಿರಿಯುತ್ತಾ ಕೇಳಿದ, "ನಿನ್ನ ಅಂಗಡಿ ಕೊಟ್ಬಿಡೋ ಮಲ್ಲ." ಬೈಗುಳ ತಿನ್ನಲು ಸಿದ್ಧನಾಗೇ ಕೇಳಿದ್ದ. ಮಲ್ಲ ತಲೆ ಎತ್ತದೆ ಹೇಳಿದ, "ತಗೊಳ್ಳಣ್ಣ. ನನಗೂ ಸಾಕಾಗಿದೆ."

ಮಲ್ಲನ ಹೆಂಡತಿ ಬೀದಿಯ ತುದಿಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಈ ಮಾತು ಗೊತ್ತೇ ಇರಲಿಲ್ಲ. ಊಟದ ಡಬ್ಬಿ ತಂದವಳು ನೋಡುತ್ತಾಳೆ, ಜ್ಯೂಸಿನವನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದಾನೆ. ಅವನ ಬಾಯಿಂದಲೇ ವಿಷಯ ತಿಳಿದು ಹೆದರಿದಳು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಡ್ರಾಯಿಂಗ್ ಮೇಷ್ಟ್ರ ತಲೆ. ಬೆಳ್ಳಿ ಕೂದಲನ್ನು ಭುಜದವರೆಗೆ ಬಿಟ್ಟುಕೊಂಡು ಠೀವಿಯಿಂದ ಓಡಾಡುತ್ತಿದ್ದ ಆ ಮೇಷ್ಟ್ರು ಕುರ್ಚಿಯಿಂದ ಇಳಿದಾಗ ಸುಲಿದ ತೆಂಗಿನಕಾಯಿಯಂತಿದ್ದರು. "ಹಗುರಾಯ್ತಮ್ಮ" ಅಂತ ಅವರೇನೋ ನಗುತ್ತಿದ್ದರು. ಆ ಕೂದಲಿನ ತುದಿಯನ್ನು ಅರ್ಧ ಗಂಟೆ ಮುದ್ದಿನಿಂದ ಸವರುತ್ತಿದ್ದ ತನ್ನ ಗಂಡನಿಗೆ ಏನೋ ಆಗಿದೆ ಎಂದು ಅವಳಿಗೆ ಆ ಕ್ಷಣವೇ ಖಾತ್ರಿಯಾಯಿತು.

ಸಂಜೆ ಮನೆಯಲ್ಲಿ ಹಿಡಿದು ಕೂರಿಸಿದಳು. "ಹೋದ ಬೇಸಿಗೇಲಿ 'ಬಾಡಿಗೆಗೆ ಇದೆ' ಅಂತ ಬೋರ್ಡ್ ಹಾಕಿದ್ರಿ. ಮಳೆ ಶುರುವಾದ ವಾರಕ್ಕೇ ಕಿತ್ತು ಬಿಸಾಕಿದ್ರಿ. ಅದರ ಹಿಂದಿನ ಬೇಸಿಗೇಲಿ ನನ್ನ ತಮ್ಮನ ಲಾರಿಗೆ ಕ್ಲೀನರ್ ಆಗ್ತೀನಿ ಅಂದ್ರಿ. ಏನ್ರೀ ಇದು?"

"ಸೆಕೆ ಕಣೇ. ಸೆಕೆಗೆ ಯಾರಿಗೆ ತಲೆ ಕೆಡಲ್ಲ?"

"ಸೆಕೆ ಎಲ್ಲರಿಗೂ ಆಗುತ್ತೆ. ಎಲ್ಲರೂ ಅಂಗಡಿ ಮಾರಲ್ಲ."

ಮಲ್ಲ ಎದ್ದು ಫ್ಯಾನಿನ ಕೆಳಗೆ ಹೋಗಿ ಮಲಗಿದ.

ಮಾರನೆಯ ದಿನ ಮೆಡಿಕಲ್ ಶಾಪಿನ ಮಹಡಿಯ ಮೇಲಿದ್ದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ರಕ್ತ ಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಹೇಳಿದರು, "ಇದು ಖಿನ್ನತೆ. ಕೆಲವರಿಗೆ ಚಳಿಗಾಲದಲ್ಲಿ ಬರುತ್ತೆ. ಅವರು ಜಾಸ್ತಿ ಮಲಗ್ತಾರೆ, ಜಾಸ್ತಿ ತಿಂತಾರೆ. ಕೆಲವರಿಗೆ ಬೇಸಿಗೇಲಿ ಬರುತ್ತೆ. ನಿದ್ದೆ ಹೋಗುತ್ತೆ, ಹಸಿವು ಹೋಗುತ್ತೆ, ಸಣ್ಣದಕ್ಕೂ ಸಿಟ್ಟು. ಇಂಥವರು ಕಡಿಮೆ, ಆದರೆ ಇದ್ದಾರೆ."

"ಮಳೆಗಾಲದ ನೆಗಡಿ ಥರ ಬೇಸಿಗೆಗೊಂದು ದುಃಖ ಇದೆಯಾ ಡಾಕ್ಟ್ರೇ?" ಮಲ್ಲ ಕೇಳಿದ.

"ಇದೆ. ಅದು ನಿಮ್ಮ ತಪ್ಪಲ್ಲ, ಸೋಮಾರಿತನಾನೂ ಅಲ್ಲ. ಬದುಕೇ ಬೇಡ ಅನ್ಸಿದೆಯಾ ಯಾವಾಗಾದ್ರೂ?"

ಮಲ್ಲ ಹೆಂಡತಿಯ ಕಡೆ ನೋಡಿ, ನೆಲ ನೋಡಿ, "ಅಷ್ಟು ದೂರ ಹೋಗಿಲ್ಲ. ಯಾರ ಕಣ್ಣಿಗೂ ಬೀಳಬಾರದು ಅನ್ಸುತ್ತೆ, ಅಷ್ಟೇ" ಎಂದ. ಊರನ್ನೇ ನಗಿಸುವ ಗಂಡ ಹೀಗೆ ಹೇಳಿದ್ದನ್ನು ಕೇಳಿ ಅವಳಿಗೆ ಅಳು ತಡೆಯಲಾಗಲಿಲ್ಲ. ಬದುಕು ಬೇಡ ಎಂಬ ಯೋಚನೆ ಸುಳಿದರೂ ಸಾಕು, ನೇರ ಇಲ್ಲಿಗೆ ಬನ್ನಿ ಎಂದು ಡಾಕ್ಟರಮ್ಮ ಹೇಳಿ ಮಾತ್ರೆ ಬರೆದರು. ಮಲಗುವ ಕೋಣೆ ಕತ್ತಲಾಗಿ ತಂಪಾಗಿರಲಿ, ದಿನಾ ಒಂದೇ ಹೊತ್ತಿಗೆ ಮಲಗಿ ಏಳಿ, ಬೆಳಿಗ್ಗೆ ತಂಪು ಹೊತ್ತಲ್ಲಿ ನಡೆಯಿರಿ, ಮಧ್ಯಾಹ್ನ ಅಂಗಡಿ ಮುಚ್ಚಿ, ಮುಂದಿನ ವರ್ಷ ಬೇಸಿಗೆಗೆ ಮೊದಲೇ ಬನ್ನಿ ಎಂದರು. ಕೊನೆಗೆ, "ಈ ತಿಂಗಳುಗಳಲ್ಲಿ ದೊಡ್ಡ ನಿರ್ಧಾರ ಯಾವುದೂ ಬೇಡ. ಮಳೆ ಬಂದ ಮೇಲೂ ಮಾರಬೇಕು ಅನ್ಸಿದ್ರೆ ಧಾರಾಳವಾಗಿ ಮಾರಿ" ಎಂದು ಸೇರಿಸಿದರು.

ಮಾತ್ರೆ ನುಂಗುವುದು ಸುಲಭ, ಜ್ಯೂಸಿನವನಿಗೆ ಕೊಟ್ಟ ಮಾತನ್ನು ನುಂಗುವುದು ಮಲ್ಲನಿಗೆ ಕಷ್ಟವಾಯಿತು. ಎರಡು ದಿನ ತಪ್ಪಿಸಿಕೊಂಡು ಓಡಾಡಿದ. ಮೂರನೆಯ ದಿನ ಜ್ಯೂಸಿನವನೇ ಕಟಿಂಗಿಗೆ ಬಂದು ಕೂತ. ಮಲ್ಲ ಡ್ರಾಯರಿನಿಂದ ಕತ್ತರಿ ತೆಗೆದು ಎಣ್ಣೆ ಬಿಟ್ಟು ಶುರು ಮಾಡಿದ. ಅರ್ಧ ತಲೆ ಮುಗಿದಾಗ ಧೈರ್ಯ ಬಂತು.

"ಅಣ್ಣ, ಅಂಗಡಿ ವಿಷಯ ಮಳೆವರೆಗೂ ನಿಲ್ಲಿಸೋಣ. ಈಗ ನನ್ನ ತಲೆ ಸರಿ ಇಲ್ಲ. ಡಾಕ್ಟ್ರೇ ಹೇಳಿದ್ದಾರೆ."

ಜ್ಯೂಸಿನವನು ಕನ್ನಡಿಯಲ್ಲಿ ತನ್ನ ಕಿವಿಯ ಪಕ್ಕದ ಕತ್ತರಿಯನ್ನು ನೋಡಿದ. "ಅಯ್ಯೋ ಪುಣ್ಯಾತ್ಮ, ತಲೆ ಸರಿ ಇಲ್ಲ ಅನ್ನೋದನ್ನ ಕತ್ತರಿ ಹಿಡ್ಕೊಂಡೇ ಹೇಳಬೇಕಾ? ಮೊದಲು ಅದನ್ನ ಕೆಳಗಿಡೋ!"

ಮಲ್ಲನಿಗೆ ತಡೆಯಲಾಗದೆ ನಗು ಬಂತು. ಆ ಬೇಸಿಗೆಯ ಮೊದಲ ನಗು ಅದು. ಕುರ್ಚಿಯ ಕೈ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ ನಿದ್ದೆಯಿಲ್ಲದ ರಾತ್ರಿಗಳನ್ನೆಲ್ಲ ಹೇಳಿಕೊಂಡ. ಜ್ಯೂಸಿನವನಿಗೆ ಬೇಜಾರಾಗದೆ ಇರಲಿಲ್ಲ, ದೊಡ್ಡ ಅಂಗಡಿಗೆಂದು ಹೊಸ ಮಿಕ್ಸಿ ಬೇರೆ ತಂದಿಟ್ಟಿದ್ದ. ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ದಿನಾ ಮಧ್ಯಾಹ್ನ ತಣ್ಣನೆಯದೊಂದು ಲೋಟ ತಂದಿಟ್ಟು, "ಕುಡಿ, ಹಪ್ಪಳ ಆಗಿದ್ದೀಯ" ಅನ್ನತೊಡಗಿದ.

ಮಳೆ ಬಂತು. ಮಲ್ಲನ ಬಾಯಿ ಬಿಚ್ಚಿತು. ಹೊಸ ಗಿರಾಕಿಗಳು ಮೆಲ್ಲನೆ ಎರಡು ಬೀದಿ ಆಚೆಗೆ ಜಾರಿಕೊಂಡರು. ಅಂಗಡಿ ಕೊಡುವುದಿಲ್ಲ ಎಂದು ಹೇಳಲು ಹೋದರೆ ಜ್ಯೂಸಿನವನು, "ನಿನ್ನ ಮಾತು ನಮ್ಮ ಮಿಕ್ಸಿ ಸದ್ದು ಮುಚ್ಚಿಹಾಕಿದಾಗಲೇ ಗೊತ್ತಾಯ್ತು" ಎಂದು ಕೈ ಮುಗಿದ.

ಮರುವರ್ಷ ಬೇಸಿಗೆಗೆ ಮೊದಲೇ ಮಾತ್ರೆ ಶುರುವಾಯಿತು, ಕಿಟಕಿಗೆ ದಪ್ಪ ಪರದೆ ಬಂತು. ಆದರೂ ಬೇಸಿಗೆಯ ಆ ದುಃಖ ಬರುವುದನ್ನು ಪೂರ್ತಿ ಬಿಡಲಿಲ್ಲ. ಒಂದು ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರ ಬೆಳೆದ ಕೂದಲನ್ನು ಕತ್ತರಿಯಿಂದ ಸವರುತ್ತಿದ್ದಾಗ, ಸಾಕು, ಅಂಗಡಿ ಕೊಟ್ಟುಬಿಡೋಣ ಎಂಬ ಯೋಚನೆ ಬಂದು ನಿಂತಿತು. ಮಲ್ಲನ ಕೈ ನಿಂತಿತು. ಆಮೇಲೆ ಬೆಂಚಿನ ಕಡೆ ತಿರುಗಿ, "ಬಂದ್ರಾ? ಕೂತಿರಿ. ನಿಮ್ಮ ಸರದಿ ಮಳೆ ಬಂದ ಮೇಲೆ" ಎಂದ.

ಮೇಷ್ಟ್ರು ಕತ್ತು ತಿರುಗಿಸಲು ನೋಡಿದರು. "ಯಾರಪ್ಪಾ ಅದು? ಬೆಂಚು ಖಾಲಿ ಇದೆಯಲ್ಲ?"

"ವರ್ಷಾವರ್ಷ ಬೇಸಿಗೇಲಿ ಬರೋ ಗಿರಾಕಿ ಮೇಷ್ಟ್ರೇ. ಇಷ್ಟು ದಿನ ಅವನೇ ಯಜಮಾನ ಅಂದ್ಕೊಂಡು ಹೇಳಿದ್ದೆಲ್ಲ ಕೇಳ್ತಿದ್ದೆ. ನೀವು ತಲೆ ಅಲ್ಲಾಡಿಸಬೇಡಿ."