ತಿಕೋಟಾದ ಓವನ್ ಬಿಸಿಯಾಗದ ದಿನ

ತಿಕೋಟಾದಲ್ಲಿರುವ ನನ್ನ ತಂಗಿಯ ಮನೆಗೆ ಓವನ್ ಬಂದಾಗ ಎಲ್ಲರೂ ಎರಡು ದಿನ ಅದರ ಮುಂದೆ ಟಿವಿ ಮುಂದೆ ಕೂತಂತೆ ಕೂತರು. ಮೂರನೇ ದಿನ ಅದರ ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿಟ್ಟು, ಬಹಳ ಗೌರವದಿಂದ ಮರೆತುಬಿಟ್ಟರು. ಮರೆಯದವಳು ತಂಗಿ ಒಬ್ಬಳೇ. ಒಣದ್ರಾಕ್ಷಿ ಹಾಕಿದ ನಾನ್‌ಖಟಾಯಿ ಮಾಡಿ ಮಾಡಿ ಓಣಿಗೆಲ್ಲ ಪುಕ್ಕಟೆ ತಿನ್ನಿಸಿದಳು. ಕಡೆಗೆ ಈ ವರ್ಷ ಮೊದಲ ಆರ್ಡರು ಸಿಕ್ಕಿತು. ಬಬಲೇಶ್ವರದಲ್ಲಿ ಬಸುರಿಯೊಬ್ಬಳ ಕುಬಸದ ಕಾರ್ಯ, ಇನ್ನೂರು ನಾನ್‌ಖಟಾಯಿ, ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು.

ಕಾರ್ಯದ ಹಿಂದಿನ ದಿನ ಮುಂಜಾನೆಯೇ ಅವಳ ಫೋನು. ಓವನ್ನಿನ ದೀಪ ಹತ್ತುತ್ತದೆ, ಸ್ವಲ್ಪ ಬೆಚ್ಚಗಾಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಅರ್ಧ ತಾಸು ಇಟ್ಟರೂ ಹಿಟ್ಟು ಹಿಟ್ಟೇ. ಈ ಆರ್ಡರು ತಪ್ಪಿದರೆ ಓವನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕುವುದಾಗಿ ಅವಳ ಅತ್ತೆ ಆಗಲೇ ಹೇಳಿಯಾಗಿತ್ತಂತೆ. ಅತ್ತೆ ಹೇಳಿದ್ದು ಆ ಮನೆಯಲ್ಲಿ ತಪ್ಪಿದ್ದೇ ಇಲ್ಲ.

ವಿಜಯಪುರದ ನಮ್ಮ ಮನೆಯಲ್ಲಿ ಇಸ್ತ್ರಿ, ಮಿಕ್ಸರು, ಓವನ್ ಏನೇ ಕೆಟ್ಟರೂ ಬಿಚ್ಚುವವಳು ನಾನೇ. ಗಂಡಸರು ಸ್ಕ್ರೂಡ್ರೈವರು ಎಲ್ಲಿದೆ ಎಂದು ನನ್ನನ್ನೇ ಕೇಳಿ, ತಂದುಕೊಟ್ಟು ಉಪಕಾರ ಮಾಡುತ್ತಾರೆ. ಗಾಂಧಿ ಚೌಕದ ಗಲ್ಲಿಯೊಳಗಿನ ಒಬ್ಬ ಹಿರಿಯ ಮಿಸ್ತ್ರಿ, ನಾನು ಚಾಚಾ ಎಂದು ಕರೆಯುವವರು, ರಿಪೇರಿಗೆ ಹೋದಾಗಲೆಲ್ಲ ಎದುರಿಗೆ ಕೂರಿಸಿ ಕಲಿಸಿದ ವಿದ್ಯೆ ಅದು. ಮೀಟರು, ಇಕ್ಕಳ ಚೀಲಕ್ಕೆ ಹಾಕಿಕೊಂಡು ತಿಕೋಟಾದ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ರೋಗ ಪತ್ತೆಯಾಗಿತ್ತು, ಅದೂ ಎರಡೆರಡು. ಕಂಪನಿಯವರು ಮೋಸ ಮಾಡಿದ್ದಾರೆ ಎಂದು ತಂಗಿಯ ಗಂಡ ಖಾತ್ರಿಯಾಗಿ ಹೇಳಿದ. ಓವನ್ನಿನ ಬಾಗಿಲು ತೆರೆದು ನೋಡುವ ತೊಂದರೆಯನ್ನೇನೂ ಅವನು ತೆಗೆದುಕೊಂಡಿರಲಿಲ್ಲ. ಅತ್ತೆ ಮಾತ್ರ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ಇಳಿದೆಗೆದು ಮುಗಿಸಿದ್ದರು. ಓವನ್ ಎರಡಕ್ಕೂ ಜಗ್ಗಿರಲಿಲ್ಲ.

ನಾನು ಮೊದಲು ಪ್ಲಗ್ಗು ನೋಡಿದೆ. ಅಷ್ಟು ದೊಡ್ಡ ಓವನ್ನನ್ನು ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಡಬ್ಬಿಗೆ ಸಿಕ್ಕಿಸಿದ್ದರು. ಡಬ್ಬಿಯ ಬಾಯಿ ಕರಗಿ ಕಂದಾಗಿತ್ತು. ಅದನ್ನು ಕಿತ್ತೆಸೆದು, ಗೋಡೆಯ ದೊಡ್ಡ ಪಾಯಿಂಟಿಗೆ ಹಚ್ಚಿದೆ. ಮನೆ ಸುಡುವುದು ತಪ್ಪಿತು, ಓವನ್ ಮಾತ್ರ ತಣ್ಣಗೇ ಇತ್ತು. ಪ್ಲಗ್ಗು ತೆಗೆದು, ಒಳಗೆ ಕಾಯುವ ರಾಡುಗಳಿಗೆ ಮೀಟರು ಹಿಡಿದೆ. ಮೇಲಿನದೂ ಸರಿ, ಕೆಳಗಿನದೂ ಸರಿ. ಮತ್ತೆ ಹಚ್ಚಿ ಕಿವಿ ಕೊಟ್ಟು ಕೂತೆ. ಎರಡು ನಿಮಿಷಕ್ಕೆ ಟಕ್ ಅಂತು, ರಾಡು ಆರಿತು. ಚಾಚಾಗೆ ಫೋನು ಹಚ್ಚಿ ಇದ್ದದ್ದನ್ನು ಇದ್ದಂತೆ ವರದಿ ಮಾಡಿದೆ.

"ಹಂಗಾರ ಅದು ಸತ್ತಿಲ್ಲ ಅಕ್ಕಾರ," ಅಂದರು ಚಾಚಾ, "ಅದಕ್ಕ ಯಾರೋ ಸುಳ್ಳ ಹೇಳ್ಯಾರ. ತಣ್ಣಗ ಮಾಡಿ ಒಳಗ ಕೈ ಹಾಕಿ ನೋಡ್ರಿ."

ಪ್ಲಗ್ಗು ಕಿತ್ತು, ತಣ್ಣಗಾದ ಮೇಲೆ ಕೈ ಹಾಕಿದೆ. ಒಳಗಿನ ಗೋಡೆಗೆ ಪೆನ್ಸಿಲಿನಂಥ ಸಣ್ಣದೊಂದು ತಾಮ್ರದ ನಳಿಗೆ ಇರುತ್ತದೆ. ಒಳಗೆಷ್ಟು ಕಾವಿದೆ ಎಂದು ಥರ್ಮೋಸ್ಟ್ಯಾಟಿಗೆ ಹೇಳುವುದೇ ಅದರ ಕೆಲಸ. ಅದು ಕ್ಲಿಪ್ಪಿನಿಂದ ಕಳಚಿ, ಕೆಳಗಿನ ರಾಡಿನ ಮೇಲೆ ಆರಾಮಾಗಿ ಮಲಗಿತ್ತು. ರಾಡಿನ ಮೇಲೆ ಮಲಗಿದವರಿಗೆ ಇಡೀ ಓವನ್ ಉರಿಯುತ್ತಿದೆ ಎನಿಸದೆ ಇನ್ನೇನು? ಅದು ಸಾಕು ಅನ್ನುತ್ತಿತ್ತು, ಥರ್ಮೋಸ್ಟ್ಯಾಟು ಕರೆಂಟು ಕಡಿಯುತ್ತಿತ್ತು. ನಳಿಗೆಯ ಸುತ್ತ ಬಿಳಿ ಚೂರುಗಳು. ಚಿವುಟಿ ನೋಡಿದರೆ ಜೋಳದ ಕಡಕ್ ರೊಟ್ಟಿ.

ಇದು ಒಳಗೆ ಹೇಗೆ ಬಂತು ಎಂದು ತಂಗಿಯನ್ನು ಕೇಳಿದೆ. ಉತ್ತರ ಕೊಟ್ಟವರು ಅತ್ತೆ, ಅದೂ ಯಾವ ಅಳುಕೂ ಇಲ್ಲದೆ. ಘೋಣಸಗಿಯ ಬೀಗರು ಬರುವವರಿದ್ದರಂತೆ, ಹಿಂದಿನ ವಾರ ಅರವತ್ತು ರೊಟ್ಟಿ ಬಡಿದಿದ್ದರಂತೆ, ಡಬ್ಬಿಯಲ್ಲಿ ಹಿಡಿಯಲಿಲ್ಲವಂತೆ.

"ತುರುಕುವಾಗ ಒಳಗ ಏನೋ ಕಿತ್ತಂಗಾತು ಬೇ," ಅಂದರು. "ಬಿಸಿ ಆಗದಿದ್ರ ನನ್ನ ರೊಟ್ಟಿ ಸುಡೂದಿಲ್ಲಲ್ಲ ಅಂತ ಸುಮ್ಮನಿದ್ನಿ."

"ಅತ್ತಿ, ಇದು ಓವನ್ ರಿ," ಅಂದಳು ತಂಗಿ.

"ಹೌದು. ಇರಿವಿ ಹೋಗೂದಿಲ್ಲ, ಥಂಡಿ ಹತ್ತೂದಿಲ್ಲ. ಇಂಥಾ ಡಬ್ಬಿ ಬಜಾರದಾಗ ಎಲ್ಲಿ ಸಿಗತೈತಿ ಹೇಳು?"

ಒಪ್ಪಲೇಬೇಕಾದ ಮಾತು. ಓವನ್ನಿನ ಈ ಗುಣವನ್ನು ಅದನ್ನು ತಯಾರಿಸಿದವರೂ ಕಂಡುಕೊಂಡಿರಲಿಕ್ಕಿಲ್ಲ.

ನಳಿಗೆಯನ್ನು ಮುರಿಯದಂತೆ ಮೆಲ್ಲಗೆ ಎತ್ತಿ ಕ್ಲಿಪ್ಪಿಗೆ ಸಿಕ್ಕಿಸಿದೆ, ಕ್ಲಿಪ್ಪನ್ನು ಇಕ್ಕಳದಿಂದ ಬಿಗಿದೆ, ಚೂರುಗಳನ್ನೆಲ್ಲ ಬ್ರಶ್ಶಿನಿಂದ ತೆಗೆದೆ. ತಾಟಿನಲ್ಲಿ ಮೈದಾ ತೆಳ್ಳಗೆ ಹರಡಿ ಒಳಗಿಟ್ಟೆವು. ಕಾವು ಎಲ್ಲ ಕಡೆ ಒಂದೇ ಇದ್ದರೆ ಮೈದಾ ಒಂದೇ ಸಮ ಕೆಂಪಾಗಬೇಕು. ಕೆಂಪಾಯಿತು, ಎಡಮೂಲೆಯಲ್ಲಿ ಸ್ವಲ್ಪ ಜಾಸ್ತಿ. ನಡುವೆ ಟ್ರೇ ತಿರುಗಿಸಲು ಹೇಳಿ, ನಾನು ಮತ್ತು ತಂಗಿ ಇಬ್ಬರೂ ಹಿಟ್ಟಿಗೆ ಕೂತೆವು. ಸಂಜೆಯಾಗುವಷ್ಟರಲ್ಲಿ ಇನ್ನೂರಾಯಿತು. ಅತ್ತೆ ಪ್ರತಿ ಟ್ರೇಗೂ ಒಂದೊಂದು ರುಚಿ ನೋಡಿ, ಸಕ್ಕರೆ ಹೆಚ್ಚಾಯಿತು ಎಂದು ತಪ್ಪದೆ ಹೇಳಿದರು. ಕೈ ಮಾತ್ರ ತಡೆಯಲಿಲ್ಲ.

ಮರುದಿನ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ತಂಗಿಯ ಗಂಡನೇ ಜೀಪಿನಲ್ಲಿ ಬಬಲೇಶ್ವರಕ್ಕೆ ಹೋದ. ಮಧ್ಯಾಹ್ನ ತಂಗಿಯ ಮೊಬೈಲು ಬಡಿಯಿತು. ಅವಳ ಕೈ ಪಾತ್ರೆ ತಿಕ್ಕುವ ಬೂದಿಯಲ್ಲಿತ್ತು, ಎತ್ತಿದವರು ಅತ್ತೆ. ಕುಬಸಕ್ಕೆ ಬಂದಿದ್ದ ಜೈನಾಪುರದವರಂತೆ, ತಮ್ಮ ಮನೆಯ ಕಾರ್ಯಕ್ಕೂ ಇಂಥವೇ ಮುನ್ನೂರು ಬೇಕಂತೆ, ಆಗುತ್ತದೋ ಇಲ್ಲವೋ ಎಂದು ಕೇಳಿದರು. ತಂಗಿ ಕೈ ತೊಳೆಯದೆಯೇ ಬಂದು ನಿಂತಳು.

"ಯಾಕಾಗೂದಿಲ್ರಿ," ಅಂದರು ಅತ್ತೆ. "ಮುನ್ನೂರ್ಯಾಕ, ನಾನೂರ ತಗೋರಿ. ನಮ್ಮ ಮನ್ಯಾಗ ಓವನ್ ಐತಿ."

ಫೋನಿಟ್ಟ ಮೇಲೆ ಯಾವ ದಿನಕ್ಕೆ ಎಂದು ಕೇಳಿದೆ. ಅದನ್ನವರು ಕೇಳಿರಲಿಲ್ಲ. ತಂಗಿ ಸೆರಗಿಗೆ ಕೈ ಒರೆಸಿಕೊಂಡು ಅದೇ ನಂಬರಿಗೆ ತಿರುಗಿ ಹಚ್ಚಿದಳು.